ಅಷ್ಟಕ್ಕೆಲ್ಲ ಏನೂ ಆಗಲ್ಲ

ಸಮಿತಿಯ ಸಭೆ ಮುಗಿಸಿ ಬಂದ ವಿಜ್ಞಾನಿ ಶೂ ಕೂಡ ಬಿಚ್ಚದೆ ಕುರ್ಚಿಗೆ ಬಿದ್ದರು. ಬೆಳಗಿನಿಂದ ಅದೇ ಹಾಡು, ಅದೇ ರಾಗ. ಆಸ್ಪತ್ರೆಯ ಎಕ್ಸ್‌ರೇ ಸಿಬ್ಬಂದಿಗೆ ತಾಗುವ ಚೂರುಪಾರು ವಿಕಿರಣದಿಂದ ಅಪಾಯ ಇದೆಯೋ ಇಲ್ಲವೋ, ಮಿತಿಯನ್ನು ಇನ್ನೂ ಇಳಿಸಬೇಕೋ ಬೇಡವೋ. ಎಷ್ಟು ಸಣ್ಣದಾದರೂ ಅಪಾಯ ಅಪಾಯವೇ ಎಂದು ಎದುರು ಕೂತ ಡಾಕ್ಟರಮ್ಮ ಪಟ್ಟು ಹಿಡಿದಿದ್ದರು. ಅಷ್ಟಕ್ಕೆಲ್ಲ ಏನೂ ಆಗಲ್ಲ ಎಂದು ಹೇಳೀ ಹೇಳೀ ಇವರ ಗಂಟಲು ಕಟ್ಟಿತ್ತು. ವರ್ಷಗಟ್ಟಲೆ ಎಳೆದಾಡಿದ ಈ ಜಗಳ ಸಾಕಪ್ಪ ಸಾಕು ಅನ್ನಿಸಿಬಿಟ್ಟಿತ್ತು.

ಕೊನೆಗೆ ಕೈಹಿಡಿದದ್ದು ಬ್ಯಾಡ್ಜುಗಳು. ಯಾರಿಗೆ ಎಷ್ಟು ವಿಕಿರಣ ತಾಗಿತೆಂದು ಅಳೆಯಲು ಸಿಬ್ಬಂದಿ ಎದೆಗೆ ಸಿಕ್ಕಿಸಿಕೊಳ್ಳುವಂಥವು. ಎಲ್ಲರದ್ದೂ ಹೆಚ್ಚುಕಡಿಮೆ ಸೊನ್ನೆ. ಡಾಕ್ಟರಮ್ಮ ಸುಮ್ಮನಾದರು, ಮಿತಿ ಇಳಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು.

ಮಗಳು ಚಹಾ ತಂದಿಟ್ಟು ಎದುರಿಗೆ ಕೂತಳು. ಹೃದಯದ ಚಿಕಿತ್ಸೆ ನಡೆಯುವ ಕೋಣೆಯಲ್ಲಿ ಎಕ್ಸ್‌ರೇ ಯಂತ್ರ ನೋಡಿಕೊಳ್ಳುವುದು ಅವಳ ಕೆಲಸ.

"ಅಪ್ಪ, ನನಗೆ ಮೂರು ತಿಂಗಳು. ನಿನ್ನೆ ಗೊತ್ತಾಯ್ತು."

ಕಾದು ಕಾದು ಎಲ್ಲರೂ ಆಸೆ ಬಿಟ್ಟಿದ್ದ ಸುದ್ದಿ. ಇವರ ಕಣ್ಣು ತುಂಬಿ ಬಂತು. ಆದರೆ ಮಗಳ ಮುಖದಲ್ಲಿ ಗೆಲುವಿಲ್ಲ. ನಿನ್ನೆಯವರೆಗೂ ಅದೇ ಕೋಣೆಯಲ್ಲಿದ್ದೆ, ಭಯವಾಗುತ್ತಿದೆ ಎಂದಳು. ಅಯ್ಯೋ ಹುಚ್ಚಿ, ನಿಮ್ಮ ಆಸ್ಪತ್ರೆಯ ಬ್ಯಾಡ್ಜುಗಳನ್ನು ಇವತ್ತೇ ನೋಡಿದ್ದೇನೆ, ನಿನ್ನದೂ ಸೊನ್ನೆ ಎಂದು ಇವರು ನಕ್ಕರು.

"ಅದು ಡ್ರಾಯರ್‌ನಲ್ಲೇ ಇರತ್ತೆ ಅಪ್ಪ."

ಇವರಿಗೆ ತಲೆಬುಡ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಬ್ಯಾಡ್ಜು ಮಿತಿ ದಾಟಿದರೆ ಆ ಕೋಣೆಯಿಂದ ಹೊರಗೆ ಹಾಕುತ್ತಾರೆ. ಇರುವುದೇ ಬೆರಳೆಣಿಕೆಯ ಜನ. ಒಬ್ಬರು ಕಮ್ಮಿಯಾದರೆ, ವಿಕಿರಣ ತಡೆಯುವ ಭಾರದ ಸೀಸದ ಏಪ್ರನ್ ದಿನವಿಡೀ ಹೊತ್ತು ನಿಲ್ಲುವ ಉಳಿದವರ ಸೊಂಟ ಬಿದ್ದುಹೋಗುತ್ತದೆ. ಅದಕ್ಕೇ ಒಳಗೆ ಹೋಗುವ ಮುಂಚೆ ಎಲ್ಲರೂ ಬ್ಯಾಡ್ಜು ಬಿಚ್ಚಿ ಡ್ರಾಯರಿಗೆ ಹಾಕುತ್ತಾರೆ. ಹೊಸದಾಗಿ ಸೇರಿದವರಿಗೆ ಮೊದಲು ಹೇಳಿಕೊಡುವುದೇ ಅದನ್ನು.

ಅಂದರೆ ಇವತ್ತು ಅಷ್ಟು ಹೊತ್ತು ವಾದ ಮಾಡಿ ತಾವು ಸಾಬೀತು ಮಾಡಿದ್ದು ಡ್ರಾಯರಿಗೆ ಅಪಾಯವಿಲ್ಲ ಎಂದು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರೇನೋ. ಈಗ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನಾಳೆಯಿಂದ ಆ ಕೋಣೆಗೆ ಕಾಲಿಡಬೇಡ," ಎಂದರು.

"ನಾಳೆಯಿಂದ ಸರಿ. ಇಷ್ಟು ದಿನದ್ದು?"

ಚಹಾ ಕೆನೆಗಟ್ಟಿತ್ತು. ಇವರು ಮಗಳ ತಲೆ ನೇವರಿಸಿದರು.

"ಅಷ್ಟಕ್ಕೆಲ್ಲ ಏನೂ ಆಗಲ್ಲಮ್ಮ."

ಮಗಳು ತಲೆಯೆತ್ತಿ ಅವರನ್ನೇ ನೋಡಿದಳು.

"ಎಷ್ಟಕ್ಕೆ, ಅಪ್ಪ?"