ಎರಡನೇ ಸುತ್ತು

ಕೈಗೆ ಬಂದ ಮರದ ಗುಂಡಿನ ಸಂಖ್ಯೆ ನೋಡಿದ್ದೇ ನೊಯೆಲಿಯಾಳ ಎದೆ ಧಸಕ್ಕೆಂದಿತು. ಗುಂಡುಗಳ ಬುಟ್ಟಿಯನ್ನು ಗರಗರ ತಿರುಗಿಸಿ ಒಂದನ್ನು ಎತ್ತಬೇಕು, ಆ ಸಂಖ್ಯೆಯ ವಿಷಯಕ್ಕೆ ಬಾಯಲ್ಲೇ ಉತ್ತರಿಸಬೇಕು. ಕಾರ್ದೊಬಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪರೀಕ್ಷೆಯೇ ಹಾಗೆ. ಬಂದದ್ದು ಸ್ಪಿನ್! ಹೋದ ಸಲ ‘ಎಲೆಕ್ಟ್ರಾನ್ ಬುಗುರಿಯ ಹಾಗೆ ಸುತ್ತುತ್ತದೆ’ ಎಂದು ನಪಾಸಾಗಿದ್ದಳು. ಈ ಸಲವೂ ಹೋದರೆ ಪ್ರಯೋಗಾಲಯದಲ್ಲಿ ಸಿಕ್ಕಿರುವ ಕೆಲಸ ಬೇರೆಯವರ ಪಾಲು.

ಪ್ರೊಫೆಸರ್ ಇತುರ್ಬೆ ಸೋರೆಬುರುಡೆಯ ಬಟ್ಟಲಿನಲ್ಲಿದ್ದ, ಚಹಾದಂತೆ ಕುಡಿಯುವ ಮಾಟೆ ಸೊಪ್ಪಿಗೆ ಬಿಸಿನೀರು ಸುರಿದರು. “ಏನಮ್ಮಾ, ಎಲೆಕ್ಟ್ರಾನು ಇವತ್ತೂ ಸುತ್ತುತ್ತಾ?”

“ಇಲ್ಲ ಮೇಷ್ಟ್ರೇ. ಸ್ಪಿನ್ ಅದರ ಹುಟ್ಟುಗುಣ. ನಾವೇ ಒಂದು ಪೂರ್ತಿ ಸುತ್ತು ತಿರುಗಿಸಿದ್ರೂ ಮೊದಲಿನ ಥರ ಆಗಲ್ಲ, ಅದರ ತರಂಗದ ಚಿಹ್ನೆ ಉಲ್ಟಾ, ಪ್ಲಸ್ ಹೋಗಿ ಮೈನಸ್ ಆಗಿರುತ್ತೆ. ಇನ್ನೊಂದು ಸುತ್ತು ಬೇಕು.”

“ಉರು ಹೊಡೆದಿದ್ದು ಬೇಡ. ಅರ್ಥ ಆಗಿದ್ರೆ ತೋರ್ಸು.”

ತೋರಿಸುವುದಂತೆ! ಕಣ್ಣಿಗೆ ಕಾಣದ್ದನ್ನು ಹೇಗಪ್ಪಾ ತೋರಿಸುವುದು? ಏನನ್ನಿಸಿತೋ, ಅವರ ತುಂಬಿದ ಬಟ್ಟಲನ್ನೇ ಎತ್ತಿ ಅಂಗೈ ಮೇಲಿಟ್ಟುಕೊಂಡಳು. ಕಂಕುಳ ಕೆಳಗಿನಿಂದ ಒಂದು ಸುತ್ತು ತಂದಳು. ಬಟ್ಟಲು ಮೊದಲಿನಂತೆಯೇ ನಿಂತಿತ್ತು, ಕೈ ಮಾತ್ರ ತಿರುಚಿಕೊಂಡು ಮೊಣಕೈ ಮೇಲಕ್ಕೆದ್ದಿತ್ತು.

“ಅಯ್ಯೋ, ಹಿಂದಕ್ಕೆ ತಿರುಗಿಸಿಬಿಡು ತಾಯಿ, ಮೈ ಸುಟ್ಕೋತೀಯ!”

“ಇಲ್ಲ. ಎಲೆಕ್ಟ್ರಾನಿನ ಥರ ಅದೇ ದಿಕ್ಕಿಗೇ ಇನ್ನೊಂದು ಸುತ್ತು ಹೋಗ್ಬೇಕು.”

ಭುಜ ಸೆಳೆಯುತ್ತಿತ್ತು. ಚೆಲ್ಲಿದರೆ ಅವರ ಕೋಟಿನ ಮೇಲೇ. ಉಸಿರು ಬಿಗಿಹಿಡಿದು ಬಟ್ಟಲನ್ನು ತಲೆಯ ಮೇಲಿನಿಂದ ಎರಡನೇ ಸುತ್ತು ತಂದಳು. ಕೈ ನೆಟ್ಟಗಾಯಿತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಇತುರ್ಬೆ ನಗಲಿಲ್ಲ. “ಮತ್ತೆ ಬೆಳಕಿನ ಕಣ, ಫೋಟಾನು?”

“ಅದಕ್ಕೆ ಒಂದೇ ಸುತ್ತು ಸಾಕು ಮೇಷ್ಟ್ರೇ.”

“ಹ್ಞೂಂ. ಕುಡಿ, ಆರಿಹೋಗುತ್ತೆ.”

ಬಟ್ಟಲಿನಲ್ಲಿದ್ದ ಹೀರುಕೊಳವೆಯಿಂದ ಸೊರ್ರನೆ ಹೀರಿ ಅದನ್ನು ಹಿಂದಕ್ಕೆ ಕೊಡುವಾಗ, ಗಾಬರಿಯಲ್ಲಿ ಬಾಯಿಂದ ಜಾರಿಯೇಬಿಟ್ಟಿತು: “ಗ್ರಾಸಿಯಾಸ್.”

ನಾಲಿಗೆ ಕಚ್ಚಿಕೊಂಡಳು. ಮಾಟೆ ಬಟ್ಟಲು ಕೊಡುತ್ತಾ ಥ್ಯಾಂಕ್ಸ್ ಹೇಳಿದರೆ ‘ನನಗಿನ್ನು ಸಾಕು, ಮುಗಿಯಿತು’ ಎಂದೇ ಅರ್ಥ. ಪರೀಕ್ಷೆಯ ನಡುವೆ ಯಾರಾದರೂ ಹಾಗನ್ನುತ್ತಾರೆಯೇ! ಸೋತು ಎದ್ದು ಹೊರಟಳು ಅಂದುಕೊಂಡರೇನೋ ಎಂದು ಅವಳ ಕಣ್ಣು ತುಂಬಿತು.

ಇತುರ್ಬೆ ಬಟ್ಟಲಿಗೆ ಮತ್ತೆ ಬಿಸಿನೀರು ತುಂಬಿ ಅವಳ ಮುಂದೆ ತಳ್ಳಿದರು.

“ಪಾಸಾದವರು ಇನ್ನೊಂದು ಸುತ್ತು ಕುಡೀಬೇಕು ಕಣಮ್ಮಾ. ಒಂದೇ ಸುತ್ತಿಗೆ ಸಾಕು ಅನ್ನೋಕೆ ನೀನೇನು ಫೋಟಾನಾ?”