ಕೆಂಪು ಫುಂದೋಶಿ

ಅಣ್ಣ ತಮ್ಮ ಇಬ್ಬರೇ ಇದ್ದ ದೋಣಿ ಮುಗುಚಿದ ಮೇಲೆ ದಡ ಸೇರಿದ್ದು ಅಣ್ಣ ಒಬ್ಬನೇ, ಅದೂ ಹುಟ್ಟುಡುಗೆಯಲ್ಲಿ.

ಜಪಾನಿನ ಆ ಕರಾವಳಿಯ ಬೆಸ್ತರು ಸೊಂಟಕ್ಕೆ ಕೆಂಪು ಫುಂದೋಶಿ ಬಿಗಿಯುತ್ತಿದ್ದರು. ನಮ್ಮ ಲಂಗೋಟಿಯಂಥದೇ, ಆದರೆ ಆಳುದ್ದಕ್ಕೂ ಮೀರಿದ್ದು. ನೀರಿಗೆ ಬಿದ್ದರೆ ಅದರ ತುದಿ ಬಿಚ್ಚಿ ಹಿಂದೆ ತೇಲಿಬಿಡಬೇಕು. ತನಗಿಂತ ಉದ್ದವಾಗಿ ಕಂಡದ್ದನ್ನು ಶಾರ್ಕ್ ಮುಟ್ಟುವುದಿಲ್ಲವೆಂದು ಅವರ ನಂಬಿಕೆ. ತಮ್ಮ ಮಾತ್ರ ಅದನ್ನು ಮುದುಕರ ಚಿಂದಿ ಎಂದು ಆಡಿಕೊಂಡು, ಚಡ್ಡಿ ಹಾಕಿಕೊಂಡೇ ದೋಣಿ ಹತ್ತುತ್ತಿದ್ದ. ಅದಕ್ಕೇ ಶುರುವಾದ ಜಗಳದಿಂದ, ಒಂದೇ ದೋಣಿಯಲ್ಲಿ ಕೂತರೂ ಇಬ್ಬರಿಗೂ ವರ್ಷದಿಂದ ಮಾತಿರಲಿಲ್ಲ.

ಮೂರನೆಯ ದಿನ ತಮ್ಮನ ಹೆಂಡತಿ ಊರವರೆದುರೇ ಭಾವನನ್ನು ತಡೆದಳು.

“ನಿನ್ನ ಫುಂದೋಶಿ ಎಲ್ಲಿ?”

“ನೀರಲ್ಲಿ ಹೋಯ್ತು.”

“ಜೀವ ಉಳಿಸ್ಕೊಳ್ಳೋ ಅವಸರದಲ್ಲಿ ಕಿತ್ತೆಸೆದೆ ಅನ್ನು! ನನ್ನ ಗಂಡ ನಿನ್ನ ಕೂಗ್ಲಿಲ್ವಾ?”

“ಕೂಗಿದ.”

“ನೀನೇನು ಮಾಡ್ದೆ?”

“ಬೈದೆ.”

“ಸಾಯೋನಿಗೂ ಬೈದ್ಯಾ? ಅವನನ್ನ ಶಾರ್ಕಿಗೆ ಬಿಟ್ಟು ಬಂದ್ಯಲ್ಲೋ, ಮಾನಗೆಟ್ಟೋನೆ!”

“ನಡೆದದ್ದು ಹೇಳಿದ್ರೆ ನಂಬ್ತೀಯಾ?”

“ನಿನ್ನ ಬಾಯಿಂದ ಬಂದ್ರೆ ನಂಬಲ್ಲ.”

“ಹಾಗಾದ್ರೆ ದಾರಿ ಬಿಡು.”

ಅವಳು ಅವನ ಮುಖಕ್ಕೆ ಉಗಿದಳು. ಸುತ್ತ ನಿಂತವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ.

ಸಂಜೆ ಬಲೆಯಲ್ಲಿ ತಮ್ಮನ ಹೆಣ ಬಂತು. ಮೈಮೇಲೆ ಶಾರ್ಕಿನ ಒಂದು ಹಲ್ಲಿನ ಗುರುತೂ ಇರಲಿಲ್ಲ. ಚಡ್ಡಿಯ ಮೇಲೆ, ಸೊಂಟಕ್ಕೆ ಯಾರೋ ಮೂರು ಗಂಟು ಹಾಕಿ ಬಿಗಿದಿದ್ದ ಕೆಂಪು ಬಟ್ಟೆಯ ತುದಿ ಅವನ ಹಿಂದೆ ಆಳುದ್ದಕ್ಕೆ ತೇಲುತ್ತಿತ್ತು.