ಅಪ್ಪ ಕೊನೆಯವರೆಗೂ ನೋಡಿದ ಕ್ಯಾಸೆಟ್

“ಅಣ್ಣ ತಂದ ರಾಕ್ ಕ್ಯಾಸೆಟ್ಟನ್ನು ಅಪ್ಪ ಅರ್ಧಕ್ಕೇ ನಿಲ್ಲಿಸಿದರು, ಅದಕ್ಕೇ ಅವನು ಮನೆ ಬಿಟ್ಟ” ಎನ್ನುತ್ತಾರೆ ನಮ್ಮ ಬಂಧುಗಳು. ನಾನು ಒಪ್ಪುವುದಿಲ್ಲ. ಈಗ ಒಬ್ಬನೇ ಕುಳಿತು ಮೊಬೈಲಿನಲ್ಲಿ ಅಂಥದೇ ಕಾರ್ಯಕ್ರಮ ನೋಡುವಾಗ, ಬಿಸಿಯಾದ ಚಾರ್ಜರಿನ ವಾಸನೆಗೆ ಅಂದು ಕಾದಿದ್ದ ವಿಸಿಆರ್, ಆ ಮಧ್ಯಾಹ್ನ ನೆನಪಾಗುತ್ತದೆ.

ಭಾಂಡುಪಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಯಾರೇ ವಿಸಿಆರ್ ಬಾಡಿಗೆಗೆ ತಂದರೂ ಎಲ್ಲರೂ ಚಾಪೆ ಹಿಡಿದು ಬರುತ್ತಿದ್ದರು. ಅಂದು ಅಣ್ಣ ತಂದಾಗಲೂ ಸಿನಿಮಾ ಎಂದೇ ಬಂದರು. ಗಿಟಾರಿನ ಅಬ್ಬರ ಶುರುವಾದೊಡನೆ, “ಇದೇನ್ ಪಿಚ್ಚರೋ ತಮ್ಮಾ, ಹೀರೋಯಿನ್ ಎಲ್ಲಿದಾಳ?” ಎಂದು ಅಣ್ಣನನ್ನು ನೋಡಿ ನಗುತ್ತ ಚಾಪೆ ಸುತ್ತಿಕೊಂಡು ಎದ್ದರು. ಅವಮಾನದಿಂದ ಅಣ್ಣ ಸ್ಟೇಷನ್ನಿನ ಕಡೆ ನಡೆದುಬಿಟ್ಟ.

ನಾನು ಟೀವಿ ಆರಿಸಲು ಹೋದೆ. ಅಪ್ಪ ಕೈ ಹಿಡಿದರು. “ಇರಲಿ ಬಿಡು. ಹಿಂದ ಕೂತು ಡ್ರಮ್ ಬಡಿಯಾಂವನ್ನ ನೋಡು, ಬೆವರು ಹೆಂಗ ಇಳ್ಯಾಕತ್ತದ.”

ಪಕ್ಕದ ಮನೆಯ ಖಾಲಾ ಬಾಗಿಲಿಗೆ ಬಂದು ಅಪ್ಪನನ್ನು ಕರೆದರು. “ಅಣ್ಣಾರ, ಆವಾಜ್ ಕಮ್ಮಿ ಮಾಡ್ರಿ, ಕೂಸು ಮಲಗೇದ.”

“ಮಗ ತಂದಾನವಾ, ಪೂರಾ ಆಗಲಿ” ಎಂದ ಅಪ್ಪ, ಟೀವಿಯ ದನಿ ತಗ್ಗಿಸಿ ಕೊನೆಯ ಚಪ್ಪಾಳೆಯವರೆಗೂ ಕುಳಿತರು. ಆಮೇಲೆ ಟೀವಿ ಆರಿಸಿ, “ಅವಂಗ ಹೇಳಬ್ಯಾಡ, ನಗತಾನ” ಎಂದರು.

ಅಣ್ಣ ಮರಳಿದಾಗ ಪರದೆ ಕಪ್ಪಾಗಿತ್ತು. ಅಪ್ಪ ಅರ್ಧಕ್ಕೇ ನಿಲ್ಲಿಸಿದರೆಂದುಕೊಂಡ, ಅಪ್ಪನ ಮಾತಿನಂತೆ ನಾನೂ ನಿಜ ಹೇಳಲಿಲ್ಲ. ಆಮೇಲೆ ಮನೆ ಬಿಟ್ಟು ಹೋದವನು ಅಪ್ಪ ತೀರಿಕೊಂಡಾಗಲೂ ಬರಲಿಲ್ಲ.

ನನ್ನ ಮಾತನ್ನು ನಂಬಬೇಕಿಲ್ಲ. ಅಪ್ಪ ‘ಪೂರಾ ಆಗಲಿ’ ಎಂದದ್ದನ್ನು ಕೇಳಿದ ಖಾಲಾ ಈಗ ಜೋಗೇಶ್ವರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಯಾರು ಬೇಕಾದರೂ ಹೋಗಿ ಕೇಳಬಹುದು, ಅಣ್ಣನೂ.